ಅಸಲು ಹುಟ್ಟುವ ವರ್ಷ

ಆಸ್ಪತ್ರೆಯ ವ್ಯಾನು ಆಕ್ಸಿಜನ್ ಯಂತ್ರವನ್ನು ತಂದಿಳಿಸಿದ ದಿನ ಜಡ್ಬರಿಯ ಮೇಲಿನ ದಾರಿಯಲ್ಲಿ ಮಧ್ಯಾಹ್ನವಾದರೂ ಹುಲ್ಲಿನ ಮೇಲಿನ ಹೆಪ್ಪು ಕರಗಿರಲಿಲ್ಲ. ಜೂನ್ ತಿಂಗಳ ಮೊದಲ ವಾರ; ದಕ್ಷಿಣದ ಆ ದ್ವೀಪದಲ್ಲಿ ಅದು ಚಳಿಗಾಲದ ಶುರು. ಯಂತ್ರದ ಜೊತೆಗೆ ಬಂದ ನರ್ಸಮ್ಮ ಬಾಗಿಲಲ್ಲೇ ನಿಂತು ಮನೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿದಳು. ಕಣ್ಣಾಡಿಸುವಷ್ಟೇನೂ ಇರಲಿಲ್ಲ. ಮುಂದೆ ಅಡಿಗೆಗೂ ಕೂರುವುದಕ್ಕೂ ಸೇರಿ ಒಂದೇ ಕೋಣೆ, ಹಿಂದೆ ಮಲಗಲು ಎರಡು. ಮುಂದಿನ ಕೋಣೆಯ ನಟ್ಟನಡುವೆ ಕಬ್ಬಿಣದ ಒಲೆ ಧಗಧಗ ಉರಿಯುತ್ತಿತ್ತು. ಅದರಿಂದ ಎರಡು ಹೆಜ್ಜೆಯಲ್ಲಿ ಕೆಲ್ವಿನ್ ತನ್ನ ಕುರ್ಚಿಯಲ್ಲಿ ಕೂತಿದ್ದ.

"ಈ ಒಲೆ ದಿನಾ ಉರಿಸ್ತೀರಾ?" ಎಂದಳು ನರ್ಸಮ್ಮ.

"ಇಲ್ಲ, ಚಂದಕ್ಕೆ ಇಟ್ಟಿದೀವಿ," ಎಂದ ಕೆಲ್ವಿನ್.

ಅವನ ತಂಗಿ ನೋಲೀನ್ ಅವನನ್ನು ಕೆಕ್ಕರಿಸಿ ನೋಡಿ, "ಏಪ್ರಿಲ್‌ನಲ್ಲಿ ಹಚ್ಚಿದ್ರೆ ಅಕ್ಟೋಬರ್ ತನಕ ಆರಲ್ಲ," ಎಂದಳು.

ನರ್ಸಮ್ಮ ತಲೆಯಾಡಿಸಿದಳು. ಮೂಗಿನ ಕೊಳವೆಯಲ್ಲಿ ಬರುವ ಆಕ್ಸಿಜನ್ ಬಟ್ಟೆಯಲ್ಲಿ, ಕೂದಲಲ್ಲಿ, ಹೊದಿಕೆಯಲ್ಲಿ ಸೇರಿಕೊಂಡಿರುತ್ತದೆ. ಒಂದು ಕಿಡಿ ಹಾರಿದರೂ ಮನುಷ್ಯನೇ ಹೊತ್ತಿಕೊಳ್ಳುತ್ತಾನೆ ಎಂದು ವಿವರಿಸಿದಳು. "ಬೆಂಕಿಯಿಂದ ಮೂರು ಮೀಟರ್ ದೂರ. ಒಂದು ಗೇಣೂ ಕಡಿಮೆ ಆಗಬಾರದು," ಎಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಹೋದಳು.

ಅವಳು ಹೋದ ಮೇಲೆ ನೋಲೀನ್ ಅಳತೆಪಟ್ಟಿ ತಂದಳು. ಕುರ್ಚಿಯನ್ನು ಕಿಟಕಿಯ ಮೂಲೆಗೆ ಒತ್ತಿದರೂ ಎರಡೂಮುಕ್ಕಾಲು ಮೀಟರಿಗಿಂತ ಹೆಚ್ಚು ಆಗಲಿಲ್ಲ. ಅಂದಿನಿಂದ ಕೆಲ್ವಿನ್‌ನ ವಾಸ ಹಿಂದಿನ ಕೋಣೆಗೆ ಹೋಯಿತು. ಒಲೆಯ ಬಿಸಿ ಅಲ್ಲಿಯತನಕ ಹೋಗುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಕಿಟಕಿಯ ಗಾಜಿನ ಒಳಮೈಯಲ್ಲೇ ಮಂಜುಗಡ್ಡೆ ಕಟ್ಟಿರುತ್ತಿತ್ತು. ಅರವತ್ತೇಳು ವರ್ಷದ ಮನುಷ್ಯ ಎರಡು ಕೋಟು ಹಾಕಿಕೊಂಡು, ಉಣ್ಣೆಯ ಟೋಪಿ ಎಳೆದುಕೊಂಡು, ಬಿಸಿನೀರಿನ ಚೀಲ ತಬ್ಬಿಕೊಂಡು ಮಲಗುತ್ತಿದ್ದ. ಬೆಚ್ಚಗಿನ ಕೋಣೆಯಲ್ಲಿ ಒಬ್ಬಳೇ ಕೂತು ಸಾರು ಕುಡಿಯಲಾಗದೆ ನೋಲೀನ್ ತನ್ನ ಬಟ್ಟಲನ್ನು ಅವನ ಕೋಣೆಗೇ ಒಯ್ಯುತ್ತಿದ್ದಳು.

ಇಬ್ಬರೂ ಒಂದೇ ಸೂರಿನಡಿ ಇರತೊಡಗಿ ಇಪ್ಪತ್ತೊಂದು ವರ್ಷವಾಗಿತ್ತು. ಕೆಲ್ವಿನ್ ಹದಿನೇಳನೇ ವಯಸ್ಸಿಗೇ ಪಶ್ಚಿಮದ ಅಣೆಕಟ್ಟುಗಳಿಗೆ ದುಡಿಯಲು ಹೋದವನು. ಸುರಂಗ ಕೊರೆದ, ಕಲ್ಲಿನ ದೂಳು ಕುಡಿದ, ಜೊತೆಗೆ ಸಿಗರೇಟನ್ನೂ ಸೇದಿದ. ಮದುವೆಯ ಗೋಜಿಗೆ ಹೋಗಲಿಲ್ಲ. ನೋಲೀನ್ ಸಂಸಾರ ಮುರಿದುಕೊಂಡು ಲಾನ್ಸೆಸ್ಟನ್‌ನಿಂದ ಎರಡು ಚೀಲ, ಒಂದು ಹೊಲಿಗೆ ಯಂತ್ರ ಹಿಡಿದು ಈ ಬಾಗಿಲಿಗೆ ಬಂದಾಗ ಅವಳಿಗೆ ಮೂವತ್ತೊಂಬತ್ತು. ಏನಾಯಿತು, ಎಷ್ಟು ದಿನ ಇರುತ್ತೀಯ ಎಂದು ಅಣ್ಣ ಒಂದು ಮಾತೂ ಕೇಳಿರಲಿಲ್ಲ. ಎರಡನೇ ಕೋಣೆಯಲ್ಲಿದ್ದ ತನ್ನ ಗಾಳ, ಬಲೆ, ದೋಣಿಯ ಹುಟ್ಟುಗಳನ್ನೆಲ್ಲ ಹೊರಗೆ ಸಾಗಿಸಿ, "ಕಿಟಕಿ ಸ್ವಲ್ಪ ಹಿಡಿಯತ್ತೆ, ಎತ್ತಿ ಎಳೆದ್ರೆ ಸರಿಹೋಗತ್ತೆ," ಎಂದಷ್ಟೇ ಹೇಳಿದ್ದ. ಅವಳು ವಾರಕ್ಕೆ ನಾಲ್ಕು ದಿನ ಹ್ಯೂಆನ್‌ವಿಲ್‌ನ ಶಾಲೆಯೊಂದರ ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು.

ಹದಿನೈದು ದಿನ ನೋಡಿ ಅವಳು ಮಾತು ತೆಗೆದಳು. "ಗೋಡೆಗೆ ಹಾಕೋ ಬಿಸಿಗಾಳಿ ಯಂತ್ರ ಬರತ್ತಲ್ಲ, ಅದನ್ನ ಹಾಕಿಸೋಣ ಕೆಲ್. ಈ ಒಲೆ ಸಹವಾಸ ಸಾಕು."

"ಬಿಟ್ಟಿ ಸೌದೆ ಬಿಟ್ಟು ದುಡ್ಡು ಕೊಟ್ಟು ಬಿಸಿ ತಗೋಬೇಕಾ? ತಲೆ ಕೆಟ್ಟಿದೆಯಾ ನಿಂಗೆ?"

"ಬಿಟ್ಟಿ ಅಂತೆ! ಕಾಡಿನ ಪರವಾನಗಿಗೆ ಯಾರು ಕಟ್ಟಿದ್ದು? ಗರಗಸಕ್ಕೆ ಪೆಟ್ರೋಲು, ಚೈನು? ಆ ಪಿಕಪ್ ಗಾಡೀನ ಸೌದೆಗೆ ಅಂತ ತಾನೇ ಇಟ್ಕೊಂಡಿರೋದು, ಅದರ ವಿಮೆ, ತೆರಿಗೆ? ಇನ್ನು ಕಡಿಯೋಳು ಯಾರು, ಸೀಳೋಳು ಯಾರು?"

"ಎರಡು ವರ್ಷ ಕಡಿದೆ ಅಂತ ಎಷ್ಟು ಹೇಳ್ಕೋತೀಯ? ಹತ್ತೊಂಬತ್ತು ವರ್ಷ ನಾನು ಕಡಿಯೋವಾಗ ನೀನು ಬೆಂಕಿ ಕಾಯಿಸ್ಕೊಂಡು ಸ್ವೆಟರ್ ಹೆಣೀತಿರಲಿಲ್ವಾ?"

ಅದು ನಿಜವೇ. ಅವನಿಗೆ ಉಬ್ಬಸ ಹೆಚ್ಚಾದ ಮೇಲೆ, ಪ್ರತಿ ಫೆಬ್ರುವರಿಯಲ್ಲಿ ಅವಳೇ ಕಾಡಿಗೆ ಹೋಗಿ ಬಿದ್ದ ಮರ ಕೊಯ್ಯುತ್ತಿದ್ದಳು. ಅವನು ಪಿಕಪ್ಪಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಹಾಗಲ್ಲ ಹೀಗೆ ಎನ್ನುತ್ತಿದ್ದ. ಹೋದ ವರ್ಷ ಅವಳ ಬಲ ಹೆಗಲಲ್ಲಿ ಏನೋ ಚಟ್ಟೆಂದಿತ್ತು. ಅಂದಿನಿಂದ ತೋಳು ಕಿವಿಯ ಮಟ್ಟದಿಂದ ಮೇಲೇಳುತ್ತಿರಲಿಲ್ಲ. ಕೋಟಿಗೆ ಮೊದಲು ಬಲಗೈ ತೂರಿಸಿ, ಉಳಿದದ್ದನ್ನು ಎಡಗೈಯಲ್ಲಿ ಎಳೆದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಅಣ್ಣನಿಗೆ ಹೇಳಿರಲಿಲ್ಲ. ಹೇಳಿದರೆ ಅವನೇ ಕೊಡಲಿ ಎತ್ತಿಕೊಂಡು ಹೋಗುವವನು.

ಕೊನೆಗೆ, ಕೇಳುವುದಕ್ಕೇನು ದುಡ್ಡೇ ಎಂದು ಅವನನ್ನು ಒಪ್ಪಿಸಿ ರಸ್ಸೆಲ್ ಎಂಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ಐವತ್ತು ದಾಟಿದ, ನಿಧಾನದ ಆಸಾಮಿ. ಬಂದವನೇ ಕುರ್ಚಿಯಲ್ಲಿ ಕೂರದೆ ಏಣಿ ಹಾಕಿ ಅಟ್ಟಕ್ಕೆ ಹತ್ತಿದ, ಗೋಡೆ ಬಡಿದು ನೋಡಿದ, ಅಂಗಳದಲ್ಲಿ ನಿಂತು ಉತ್ತರದ ಗುಡ್ಡವನ್ನು ಬಹಳ ಹೊತ್ತು ದಿಟ್ಟಿಸಿದ. ಒಳಗೆ ಬಂದು ಕೂದಲಿನ ಜೇಡರಬಲೆ ತೆಗೆದುಕೊಳ್ಳುತ್ತ ಚಹಾ ಕೈಗೆತ್ತಿಕೊಂಡ. ಕೆಲ್ವಿನ್ ಕೊಳವೆ ಎಳೆದುಕೊಂಡು ಹಿಂದಿನ ಕೋಣೆಯ ಬಾಗಿಲಲ್ಲಿ ಕೂತಿದ್ದ.

"ಮೊದಲನೇದು, ಬಿಸಿ ಹೊರಗೆ ಹೋಗದಿರಲಿ ಅಂತ ನಿಮ್ಮ ಅಟ್ಟದಲ್ಲಿ ಹಾಸಿದ್ದ ಉಣ್ಣೇನ ಇಲಿಗಳು ಸಂಸಾರಕ್ಕೆ ಸಾಗಿಸಿಬಿಟ್ಟಿವೆ," ಎಂದ ರಸ್ಸೆಲ್. "ಕೆಳಗೆ ಏನು ಕಾಯಿಸಿದ್ರೂ ಅರ್ಧ ಆಕಾಶಕ್ಕೆ. ಅದನ್ನ ತುಂಬಿಸೋಕೆ ಸಾವಿರದ ಆರುನೂರು ಡಾಲರ್. ಯಾರೂ ಅದನ್ನ ಕೇಳಲ್ಲ, ಯಾಕಂದ್ರೆ ಕಣ್ಣಿಗೆ ಕಾಣಲ್ಲ."

"ಆಮೇಲೆ?" ಎಂದಳು ನೋಲೀನ್.

"ಬಿಸಿಗಾಳಿ ಯಂತ್ರ, ಕೂಲಿ ಎಲ್ಲ ಸೇರಿ ಮೂರು ಸಾವಿರದ ನಾನೂರು. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ಲು, ಕೆಳಗೆ ಬ್ಯಾಟರಿ, ಎರಡಕ್ಕೂ ಹತ್ತೊಂಬತ್ತು ಸಾವಿರ. ಬ್ಯಾಟರಿ ಇದ್ರೆ ಕರೆಂಟು ಹೋಯ್ತು ಅಂತ ನಿಮ್ಮ ಆಕ್ಸಿಜನ್ ಯಂತ್ರಕ್ಕೆ ಗೊತ್ತೇ ಆಗಲ್ಲ. ಒಂದು ಹಗಲು ಒಂದು ರಾತ್ರಿ ಓಡತ್ತೆ."

"ಅಸಲು ಹುಟ್ಟೋದು ಯಾವಾಗ?" ಎಂದ ಕೆಲ್ವಿನ್ ಬಾಗಿಲಿಂದ.

ರಸ್ಸೆಲ್ ಕಿಟಕಿಯಾಚೆಗಿನ ಗುಡ್ಡದ ಕಡೆ ಕೈ ತೋರಿಸಿದ. "ಸುಳ್ಳು ಹೇಳಲ್ಲ. ಬೇರೆಯವರು ಬಂದ್ರೆ ಏಳು ವರ್ಷ ಅಂತಾರೆ. ಆದ್ರೆ ಬಿಸಿಲು ಬರೋ ಉತ್ತರಕ್ಕೇ ನಿಮಗೆ ಆ ಗುಡ್ಡ ಅಡ್ಡ ಇದೆ. ಈ ತಿಂಗಳಲ್ಲಿ ದಿನಕ್ಕೆ ನಾಲ್ಕು ಗಂಟೆ ಬಿಸಿಲು ಬಿದ್ರೆ ಪುಣ್ಯ. ಯಾವಾಗ ನಿಮಗೆ ಬೇಕೋ ಆವಾಗ ಪ್ಯಾನೆಲ್ಲು ಕೊಡಲ್ಲ, ಬೇಸಿಗೇಲಿ, ಡಿಸೆಂಬರ್‌ನಲ್ಲಿ ಕೊಟ್ಟದ್ದನ್ನ ಕರೆಂಟು ಕಂಪನಿಯವರು ಕವಡೆ ಕಾಸಿಗೆ ತಗೋತಾರೆ. ಹದಿಮೂರು ವರ್ಷ ಅಂತ ಇಟ್ಕೊಳಿ."

ಕೆಲ್ವಿನ್ ನಗಲು ಹೋದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೊಲ್ಲದೆ ಮುಖ ಕೆಂಪೇರಿತು. ನೋಲೀನ್ ಎದ್ದು ಹೋದರೆ ಕೈಯಾಡಿಸಿ ಬೇಡವೆಂದ. ಉಸಿರು ಹಿಡಿತಕ್ಕೆ ಬಂದ ಮೇಲೆ, "ಹದಿಮೂರು! ಆ ಬ್ಯಾಟರಿಗೆ ಗ್ಯಾರಂಟಿ ಎಷ್ಟು ವರ್ಷದ್ದು ಮಾರಾಯ?" ಎಂದ.

"ಹತ್ತು."

"ಅದೇ ನನಗಿಂತ ಗಟ್ಟಿ ಇದೆ ಬಿಡು."

ರಸ್ಸೆಲ್ ಬಟ್ಟಲಿನೊಳಗೆ ನೋಡಿದ. ಚಹಾ ಮುಗಿದುಹೋಗಿತ್ತು.

ಅವನ ಗಾಡಿ ಗೇಟು ದಾಟುವುದೇ ತಡ ಇಬ್ಬರಿಗೂ ಹತ್ತಿಕೊಂಡಿತು. ಬ್ಯಾಂಕಿನಲ್ಲಿ ಇಪ್ಪತ್ತಾರು ಸಾವಿರ ಕೆಲ್ವಿನ್‌ನ ಹೆಸರಲ್ಲಿರುವುದು ನೋಲೀನ್‌ಗೆ ಗೊತ್ತಿತ್ತು. ಬ್ಯಾಟರಿ ಬೇಡವೆಂದರೆ ಬೇಡ, ಗೋಡೆಯ ಯಂತ್ರವನ್ನಾದರೂ ಹಾಕಿಸೋಣ ಎಂದಳು. ವಸಂತ ಬರಲಿ, ನೋಡೋಣ ಎಂದ. ಅಷ್ಟರೊಳಗೆ ಚಳಿಗಾಲವೇ ಮುಗಿದಿರುತ್ತದಲ್ಲ ಎಂದಳು. ಮುಗಿದರೆ ಒಳ್ಳೆಯದೇ ಆಯಿತಲ್ಲ ಎಂದ. ಅವಳಿಗೆ ರೇಗಿಹೋಯಿತು.

"ಇಟ್ಕೋ. ಒಂದೊಂದು ಡಾಲರೂ ಬಿಡದೆ ನಿನ್ನ ಹೆಣದ ಪೆಟ್ಟಿಗೇಲಿ ಹಾಕಿ ಮೊಳೆ ಹೊಡೀತೀನಿ. ಅಲ್ಲಾದ್ರೂ ಬೆಚ್ಚಗಿರು!"

ಕೆಲ್ವಿನ್ ಕೊಳವೆಯನ್ನು ಕೈಗೆ ಸುತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವಳು ಅಂದು ಮಾಡಿದ ಸಾಸೇಜು, ಆಲೂಗಡ್ಡೆಯನ್ನು ತಟ್ಟೆಯಲ್ಲಿಟ್ಟು ಬಾಗಿಲ ಹೊರಗೇ ಇಟ್ಟು ಬಂದಳು. ತಟ್ಟೆ ಖಾಲಿಯಾಗಿ ಬಂತು, ಮಾತು ಬರಲಿಲ್ಲ. ಮೂರು ದಿನ ಹಾಗೇ ನಡೆಯಿತು. ನಾಲ್ಕನೇ ದಿನ ಫುಟ್ಬಾಲ್ ಪಂದ್ಯದ ವಿಚಾರಕ್ಕೆ ಬೈದಾಡಿಕೊಂಡು ಸರಿಹೋದರು. ಯಂತ್ರದ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಆಗಸ್ಟ್ ಎರಡನೇ ಮಂಗಳವಾರ ಗಾಳಿ ಎದ್ದಿತು. ಬೆಳಗ್ಗೆ ಏಳಕ್ಕೆ ನೋಲೀನ್ ಶಾಲೆಗೆ ಹೊರಡಲು ಬೂಟು ಕಟ್ಟುತ್ತಿದ್ದಾಗ ದೀಪ ಆರಿತು. ಹಿಂದೆಯೇ ಆಕ್ಸಿಜನ್ ಯಂತ್ರ ಉದ್ದಕ್ಕೆ ಕಿರುಚತೊಡಗಿತು. ಅವಳು ಓಡಿ ಹೋಗಿ ಅದರ ಬಾಯಿ ಮುಚ್ಚಿಸಿ, ನರ್ಸಮ್ಮ ಹೇಳಿಕೊಟ್ಟಂತೆ ಕೊಳವೆಯನ್ನು ಆಪತ್ತಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರಿಗೆ ತಿರುಗಿಸಿದಳು. ತುಂಬಿದ ಸಿಲಿಂಡರ್ ಹನ್ನೆರಡು ಗಂಟೆ ಬರುತ್ತಿತ್ತು. ಆದರೆ ಹಿಂದಿನ ವಾರ ಹೋಬಾರ್ಟ್‌ಗೆ ತಪಾಸಣೆಗೆ ಹೋದಾಗ ಅದನ್ನೇ ಬಳಸಿದ್ದರು. ಬದಲಿ ಸಿಲಿಂಡರ್ ಗುರುವಾರ ಬರುವುದಿತ್ತು. ಅಳತೆಯ ಮುಳ್ಳು ಅರ್ಧದಲ್ಲಿತ್ತು. ಅಂದರೆ ಇನ್ನು ಆರು ಗಂಟೆಗಾಗುವಷ್ಟು.

ವಿದ್ಯುತ್ ಕಂಪನಿಗೆ ಫೋನು ಮಾಡಿದರೆ ಮುದ್ರಿಸಿಟ್ಟ ದನಿ, ಕಣಿವೆಯ ಉದ್ದಕ್ಕೂ ಮರಗಳು ಬಿದ್ದಿವೆ, ನಾಳೆ ಮಧ್ಯಾಹ್ನವಾಗಬಹುದು ಎಂದಿತು. ಆಂಬ್ಯುಲೆನ್ಸಿನವರು ಸಮಾಧಾನವಾಗಿಯೇ ಮಾತಾಡಿದರು: ಹೊರಡುತ್ತೇವೆ, ಆದರೆ ಎರಡೂ ಕಡೆಯ ರಸ್ತೆ ಮುಚ್ಚಿದೆ, ಯಾವಾಗ ತಲುಪುತ್ತೇವೋ ಹೇಳಲಾಗದು. ಒಂಬತ್ತರ ಹೊತ್ತಿಗೆ ಫೋನೂ ಸತ್ತಿತು.

ಮುಂದಿನ ಕೋಣೆಯಲ್ಲಿ ಒಲೆ ಎಂದಿನಂತೆ ಉರಿಯುತ್ತಿತ್ತು. ಬೆಚ್ಚಗಿರುವಲ್ಲಿ ಉಸಿರಾಡುವಂತಿಲ್ಲ, ಉಸಿರಾಡುವಲ್ಲಿ ಬೆಚ್ಚಗಿಲ್ಲ. ಅವಳು ಒಲೆಯ ಮೇಲೆ ನೀರು ಕಾಯಿಸಿ ಚೀಲಗಳಿಗೆ ತುಂಬಿ ಅವನ ಕಾಲಿಗೆ, ಬೆನ್ನಿಗೆ ಇಟ್ಟಳು. ಚೀಲ ಮುಗಿದಾಗ ಹಿತ್ತಲಿನ ಇಟ್ಟಿಗೆ ಕಾಯಿಸಿ ಟವಲಿನಲ್ಲಿ ಸುತ್ತಿ ತಂದಳು. ಕೆಲ್ವಿನ್‌ನ ಬಾಯಿಂದ ಬರುವ ಆವಿ ಕಣ್ಣಿಗೆ ಕಾಣುತ್ತಿತ್ತು. ಅದೊಂದೇ ಅವಳಿಗೆ ಧೈರ್ಯ.

ಹತ್ತಕ್ಕೆ ಮುಳ್ಳು ಕಾಲುಭಾಗಕ್ಕೆ ಬಂತು. "ಬ್ರೋನ್ವಿನ್ ಹತ್ರ ಜನರೇಟರ್ ಇದೆ," ಎಂದಳು. ಬ್ರೋನ್ವಿನ್ ಎಂದರೆ ಎರಡು ಕಿಲೋಮೀಟರ್ ಕೆಳಗೆ ಚೆರ್ರಿ ತೋಟ ಮಾಡಿಕೊಂಡಿರುವವಳು. "ತರ್ತೀನಿ. ಒಬ್ನೇ ಇರ್ತೀಯ?"

"ಹೋಗು. ನಾನೇನು ಓಡಿಹೋಗಲ್ಲ."

ಪಿಕಪ್ಪು ಇನ್ನೂರು ಗಜ ಹೋಗುವಷ್ಟರಲ್ಲಿ ದಾರಿಗೆ ಅಡ್ಡ ದೊಡ್ಡದೊಂದು ವಾಟಲ್ ಮರ ಮಲಗಿತ್ತು. ನೋಲೀನ್ ಇಳಿದು ಹಿಂಬದಿಯಿಂದ ಗರಗಸ ಎಳೆದಳು. ಹಗ್ಗ ಜಗ್ಗಿ ಚಾಲೂ ಮಾಡುವಾಗಲೇ ಹೆಗಲಲ್ಲಿ ಬೆಂಕಿ ಹೊತ್ತಿಕೊಂಡಿತು. ಮೊದಲ ತುಂಡು ಉರುಳಿತು. ಎರಡನೆಯದಕ್ಕೆ ಬಲಗೈ ಎತ್ತಲಾಗದೆ, ಮೊಣಕಾಲೂರಿ ಗರಗಸವನ್ನು ತೊಡೆಗೆ ಒತ್ತಿ ಹಿಡಿದು ಕೊಯ್ದಳು. ಅಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಾದದ್ದು ಮರದ ಹುಡಿ ಕೆನ್ನೆಗೆ ಮೆತ್ತಿಕೊಂಡಾಗ. ಗಾಡಿ ತೂರುವಷ್ಟು ಸಂದಿಯಾಗಲು ಐವತ್ತು ನಿಮಿಷ ಹಿಡಿಯಿತು.

ಬ್ರೋನ್ವಿನ್ ಒಂದು ಪ್ರಶ್ನೆಯನ್ನೂ ಕೇಳದೆ ಜನರೇಟರನ್ನು ಟ್ರ್ಯಾಕ್ಟರಿನ ಹಿಂದಕ್ಕೆ ಬಿಗಿದಳು. ಇಬ್ಬರೂ ಮನೆ ಮುಟ್ಟಿದಾಗ ಹನ್ನೆರಡೂಕಾಲು. ನೋಲೀನ್ ಒಳಗೆ ನುಗ್ಗಿದಳು. ಕೆಲ್ವಿನ್ ಗೋಡೆಗೊರಗಿ ಕೂತಿದ್ದ; ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು, ಕಣ್ಣು ಅರೆತೆರೆದಿತ್ತು. ಸಿಲಿಂಡರ್ ಮುಗಿದೇಹೋಯಿತು ಎಂದುಕೊಂಡು ಮುಳ್ಳು ನೋಡಿದಳು. ಮುಗಿದಿರಲಿಲ್ಲ. ತಾನು ಹೊರಟಾಗ ಇದ್ದುದಕ್ಕಿಂತ ಸ್ವಲ್ಪವೇ ಕೆಳಗಿತ್ತು. ಆಗ ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವ ತಿರುಪಿನ ಕಡೆ ಕಣ್ಣು ಹೋಯಿತು. ನಿಮಿಷಕ್ಕೆ ಎರಡು ಲೀಟರಿನಲ್ಲಿ ಇರಬೇಕಾದದ್ದು ಅರ್ಧ ಲೀಟರಿಗೆ ಬಂದಿತ್ತು.

ತಿರುಪನ್ನು ಸರಿಮಾಡಿ ಅವನ ಕೆನ್ನೆ ತಟ್ಟಿದಳು. "ಯಾಕೋ ಕಮ್ಮಿ ಮಾಡ್ದೆ? ಯಾರು ಹೇಳಿದ್ರು ನಿಂಗೆ ಕಮ್ಮಿ ಮಾಡು ಅಂತ?"

"ನೀ ಬರೋದು... ಎಷ್ಟೊತ್ತೋ ಅಂತ," ಎಂದ ಅವನು, ಒಂದೊಂದೇ ಮಾತು ಆರಿಸಿ. "ಉಳಿಸ್ದೆ."

ಬ್ರೋನ್ವಿನ್ ಕಿಟಕಿಯ ಕೆಳಗೆ ಜನರೇಟರ್ ಚಾಲೂ ಮಾಡಿ, ತಂತಿಯನ್ನು ಒಳಗೆ ತೂರಿಸಿದಳು. ಯಂತ್ರ ಗುಂಯ್ಗುಟ್ಟತೊಡಗಿತು. ಮೂರು ಗಂಟೆಗೆ ಆಂಬ್ಯುಲೆನ್ಸ್ ಬಂತು. ಕೆಲ್ವಿನ್‌ನನ್ನು ಹೋಬಾರ್ಟ್ ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡರು.

ಮೂರನೇ ದಿನ ಅವನು ಮಾತಾಡುವ ಹಾಗಾದ. ನೋಲೀನ್ ಬಂದರಿನ ಅಂಗಡಿಯಿಂದ ಚಿಪ್ಪುಮೀನು ತುಂಬಿದ ಎರಡು ಸ್ಕ್ಯಾಲಪ್ ಪೈ ತಂದಿದ್ದಳು. ಅವನು ಒಂದನ್ನು ಮುರಿದು ಇಟ್ಟುಕೊಂಡು, ತಿನ್ನದೆ, "ಒಂದು ವಿಷಯ ಹೇಳ್ತೀನಿ, ನಡುವೆ ಬಾಯಿ ಹಾಕಬೇಡ," ಎಂದ.

ಏಪ್ರಿಲ್‌ನಲ್ಲೇ ಡಾಕ್ಟರಮ್ಮ ಅವನಿಗೆ ಹೇಳಿದ್ದಳಂತೆ. ಇನ್ನು ಹೆಚ್ಚೆಂದರೆ ಎರಡು ಚಳಿಗಾಲ. ಜೋಪಾನವಾಗಿದ್ದರೆ ಎರಡನೆಯದನ್ನೂ ದಾಟಬಹುದು, ಅದೂ ಖಚಿತವಲ್ಲ. ಅವನು ಅಂದೇ ಮನೆಗೆ ಬಂದು ಕೂತು ಲೆಕ್ಕ ಹಾಕಿದ್ದ. ಇಪ್ಪತ್ತಾರು ಸಾವಿರ. ನೋಲೀನ್‌ಗೆ ಪಿಂಚಣಿ ಬರಲು ಇನ್ನೂ ಏಳು ವರ್ಷ. ಮನೆಯ ಚಾವಣಿ ತಗಡು ಬದಲಿಸಬೇಕು. ಅವಳ ಹಲ್ಲು ಹಾಳಾಗಿದೆ. ತಾನು ಹೋದ ಮೇಲೆ ಅವಳಿಗೆ ಅಂತ ಇರುವುದು ಅಷ್ಟೇ.

"ಹದಿಮೂರು ವರ್ಷಕ್ಕೆ ಅಸಲು ಹುಟ್ಟೋ ಸಾಮಾನನ್ನ ಎರಡು ವರ್ಷ ಇರೋನಿಗೆ ಅಂತ ತಗೋತಾರಾ ಯಾರಾದ್ರೂ?" ಎಂದ. "ನೀನು ಬರೋವಾಗ ಎರಡು ಚೀಲ ಹಿಡ್ಕೊಂಡು ಬಂದೆ. ಮತ್ತೆ ಎರಡು ಚೀಲದ ಗತಿ ಬರಬಾರದು ಅಂತ."

ನೋಲೀನ್ ಎದ್ದು ಹೊರಗೆ ಹೋದಳು. ಮೊಗಸಾಲೆಯ ಕೊನೆಯ ಕಿಟಕಿಯ ಹತ್ತಿರ ನಿಂತಳು. ಪೆಟ್ಟಿಗೆಗೆ ಮೊಳೆ ಹೊಡೆಯುತ್ತೇನೆ ಎಂದದ್ದು ಯಾರಿಗೆ, ಅವನು ಅದನ್ನು ಹೇಗೆ ಕೇಳಿಸಿಕೊಂಡಿದ್ದ ಎಂದು ನೆನೆದು ಗಾಜಿಗೆ ಹಣೆ ಒತ್ತಿದಳು. ಅದರ ಬೆನ್ನಿಗೇ ಸಿಟ್ಟೂ ಬಂತು. ನಾಲ್ಕು ತಿಂಗಳು ಒಂದೇ ಮನೆಯಲ್ಲಿದ್ದು, ದಿನಾ ಮೂರು ಹೊತ್ತು ಇವನಿಗೆ ತಟ್ಟೆ ಹಾಕಿ, ತನಗೆ ಗೊತ್ತಿಲ್ಲ! ತಿರುಗಿ ಒಳಗೆ ಬಂದು ಕುರ್ಚಿ ಎಳೆದುಕೊಂಡಳು.

"ನನ್ನ ಹೆಸರಲ್ಲಿ ಲೆಕ್ಕ ಹಾಕು ಅಂತ ನಿಂಗೆ ಹೇಳಿದ್ಯಾರು? ನನ್ನ ಕೇಳಿದ್ಯಾ? ನಂಗೆ ಚಾವಣಿ ಬೇಕೋ ನೀನು ಬೇಕೋ ಅಂತ ಒಂದ್ಸಲ ಕೇಳಿದ್ಯಾ?"

"ಕೇಳಿದ್ರೆ ನೀನು ಏನು ಹೇಳ್ತಿದ್ದೆ ಅಂತ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

"ಹಾಗಿದ್ರೆ ನನ್ನದೂ ಒಂದಿದೆ, ಕೇಳು." ಎದ್ದು ನಿಂತು ಬಲಗೈ ಎತ್ತಿದಳು. ಅದು ಭುಜದ ಮಟ್ಟಕ್ಕೂ ಬರಲಿಲ್ಲ; ಮುಖ ಕಿವುಚಿಕೊಂಡಿತು. "ಹೋದ ವರ್ಷ ಫೆಬ್ರುವರಿಯಿಂದ ಹಿಂಗಿದೆ. ಮಂಗಳವಾರ ಆ ಮರ ಕೊಯ್ದ ಮೇಲೆ ಇನ್ನೂ ಹಾಳಾಯ್ತು. ಇದೇ ನಿನ್ನ ಬಿಟ್ಟಿ ಸೌದೆ."

ಕೆಲ್ವಿನ್ ಅವಳ ಕೈಯನ್ನೇ ನೋಡಿದ. "ಕೂತ್ಕೋ, ಕೂತ್ಕೋ," ಎಂದ. ಆಮೇಲೆ ಪೈಯ ದೊಡ್ಡ ತುಂಡನ್ನು ಅವಳ ಕಡೆ ತಳ್ಳಿದ. ಇಬ್ಬರೂ ತಣ್ಣಗಾದ ಪೈ ತಿಂದರು.

ರಸ್ಸೆಲ್ ಮತ್ತೆ ಬಂದ. ಈ ಸಲ ಅಸಲಿನ ಮಾತನ್ನು ಯಾರೂ ಎತ್ತಲಿಲ್ಲ. ಬೆಳಗ್ಗೆ ಏಳಕ್ಕೆ ಕರೆಂಟು ಹೋದರೆ ಏನಾಗುತ್ತದೆ, ಅದನ್ನು ಹೇಳು ಎಂದಳು ನೋಲೀನ್. ಬ್ಯಾಟರಿಯಾದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ವಹಿಸಿಕೊಳ್ಳುತ್ತದೆ ಎಂದ. ಸಣ್ಣ ಜನರೇಟರ್ ಆದರೆ ಸಾವಿರದ ಎಂಟುನೂರಕ್ಕೆ ಬರುತ್ತದೆ. ಆದರೆ ಯಾರಾದರೂ ಹೊರಗೆ ಹೋಗಿ ಹಗ್ಗ ಜಗ್ಗಬೇಕು, ಪೆಟ್ರೋಲು ತುಂಬಬೇಕು. ನೋಲೀನ್ ಬ್ಯಾಟರಿ ಎಂದಳು. ಕೆಲ್ವಿನ್ ಜನರೇಟರ್ ಎಂದ. ವಾರವಿಡೀ ಎಳೆದಾಡಿದರು. ಕೊನೆಗೆ ಅವನ ಮುಖ ನೋಡಿ ಅವಳೇ ಸೋತಳು. ಸಾಯುವವನು ತಂಗಿಗಾಗಿ ಏನನ್ನೋ ಉಳಿಸಿ ಹೋಗಬೇಕು ಎಂದು ಹಟ ಹಿಡಿದಾಗ ಅದನ್ನೂ ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಅಟ್ಟ ತುಂಬಿಸಿದರು, ಗೋಡೆಗೆ ಬಿಸಿಗಾಳಿ ಯಂತ್ರ ಹಾಕಿಸಿದರು, ಸ್ವಲ್ಪ ಹೆಚ್ಚು ಕೊಟ್ಟು ಗುಂಡಿ ಒತ್ತಿದರೆ ಚಾಲೂ ಆಗುವ ಜನರೇಟರ್ ತಂದರು, ಕಬ್ಬಿಣದ ಒಲೆ ಹೊರಗೆ ಹೋಯಿತು. ಎಲ್ಲ ಸೇರಿ ಏಳು ಸಾವಿರದ ಚಿಲ್ಲರೆ. ಕೆಲ್ವಿನ್ ತನ್ನ ಕುರ್ಚಿಗೆ ಮರಳಿದ. ಈ ಬಿಸಿಗೆ ವಾಸನೆಯೇ ಇಲ್ಲ ಎಂದು ಗೊಣಗಿದ.

ಆದರೆ ರಸ್ಸೆಲ್ಲೂ ಬರೆಯದ, ಕೆಲ್ವಿನ್ನೂ ಎಣಿಸದ ಒಂದು ಖರ್ಚು ಉಳಿದಿತ್ತು. ನೋಲೀನ್ ಶಾಲೆಯಲ್ಲಿರುವಾಗ ಕರೆಂಟು ಹೋದರೆ ಹೊರಗೆ ಹೋಗಿ ಜನರೇಟರಿನ ಗುಂಡಿ ಒತ್ತುವವರು ಯಾರು? ಕೆಲ್ವಿನ್ ಬಾಗಿಲು ದಾಟಿ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದ; ಕೊಳವೆಯನ್ನು ಸಿಲಿಂಡರಿಗೆ ತಿರುಗಿಸುವುದೂ ಈಗ ಅವನಿಂದಾಗುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಎರಡು ಸಲ ಕರೆಂಟು ಹೋಯಿತು. ಎರಡೂ ಸಲ ಅವಳು ಏಪ್ರನ್ನಿನಲ್ಲೇ ಗಾಡಿ ಹತ್ತಿ, ಜೀವ ಕೈಯಲ್ಲಿ ಹಿಡಿದು ಓಡಿಬಂದಳು. ಎರಡನೆಯ ಸಲ ತಿರುವಿನಲ್ಲಿ ಎದುರಿಂದ ಬಂದ ಮರ ಸಾಗಿಸುವ ಲಾರಿಯಿಂದ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡಳು. ಮರುದಿನ ಶಾಲೆಗೆ ರಾಜೀನಾಮೆ ಕೊಟ್ಟಳು. ರೋಗಿಯನ್ನು ನೋಡಿಕೊಳ್ಳುವವರಿಗೆ ಸರ್ಕಾರ ಕೊಡುವ ಹಣ ಅವಳ ಸಂಬಳದ ಕಾಲುಭಾಗವೂ ಇರಲಿಲ್ಲ.

ಮುಂದಿನ ಚಳಿಗಾಲದ ಒಂದು ಮಧ್ಯಾಹ್ನ, ಕರೆಂಟಿನ ಬಿಲ್ಲು ಕೈಯಲ್ಲಿ ಹಿಡಿದಿದ್ದ ಕೆಲ್ವಿನ್ ತಟ್ಟನೆ ಹೇಳಿದ: "ನಾನು ತಪ್ಪು ಲೆಕ್ಕ ಹಾಕ್ದೆ ಕಣೇ."

ಬಿಲ್ಲು ರಸ್ಸೆಲ್ ಹೇಳಿದ್ದಕ್ಕಿಂತ ಜಾಸ್ತಿಯೇ ಬಂದಿತ್ತು. ಕೆಲ್ವಿನ್‌ನ ಮೈಗೆ ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗೆ ಆಗುತ್ತಿರಲಿಲ್ಲ. ನೋಲೀನ್ ಅದನ್ನೇ ಹೇಳುತ್ತಿದ್ದಾನೆ ಎಂದುಕೊಂಡು, "ಹೋಗ್ಲಿ ಬಿಡು, ಉಸಿರಾಟದ ಯಂತ್ರಕ್ಕೆ ಅಂತ ಸ್ವಲ್ಪ ರಿಯಾಯಿತಿ ಬಿಟ್ಟಿದಾರಲ್ಲ," ಎಂದಳು.

"ಅದಲ್ಲ. ನಿನ್ನ ಸಂಬಳ. ಒಂದು ವರ್ಷದ್ದು ಕೂಡಿಸ್ದೆ. ಆ ಬ್ಯಾಟರಿ ತಗೊಂಡಿದ್ರೆ ಅದರ ದುಡ್ಡು ಇಷ್ಟೊತ್ತಿಗೆ ಹುಟ್ಟಿರ್ತಿತ್ತು. ಹದಿಮೂರು ವರ್ಷ ಅಂತೆ! ಹದಿಮೂರು ತಿಂಗಳೂ ಬೇಕಿರಲಿಲ್ಲ. ನಿನಗೆ ಅಂತ ಉಳಿಸೋಕೆ ಹೋಗಿ ನಿನ್ನ ಕೆಲಸಾನೇ ತಿಂದೆ."

ನೋಲೀನ್‌ಗೆ ಇದು ಆರು ತಿಂಗಳ ಹಿಂದೆಯೇ ಹೊಳೆದಿತ್ತು. ಹೇಳಿರಲಿಲ್ಲ. ಬಟ್ಟೆ ಮಡಚುವುದನ್ನು ನಿಲ್ಲಿಸದೆ, "ತಿಂದಿದ್ದೇನೋ ಹೌದು," ಎಂದಳು. "ಆದ್ರೆ ಕೆಲಸಕ್ಕೆ ಹೋಗಿದ್ರೆ ಇಡೀ ದಿನ ನಿನ್ನ ಬೈಗುಳ ಕೇಳೋ ಭಾಗ್ಯ ಎಲ್ಲಿರ್ತಿತ್ತು?"

ಅವನು ನಗಲಿಲ್ಲ. ಬಿಲ್ಲನ್ನು ಮಡಚಿ ಮಡಚಿ ಹೆಬ್ಬೆರಳಿನಷ್ಟು ಮಾಡಿದ. "ಈಗ ಹಾಕಿಸಿದ್ರೆ?" ಎಂದ.

ಈಗ ಎನ್ನುವುದಕ್ಕೆ ಎಷ್ಟು ದಿನ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ನೋಲೀನ್ ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬ್ಯಾಟರಿ ಬರಲೇ ಇಲ್ಲ.

ಆ ಚಳಿಗಾಲವನ್ನು ಅವನು ದಾಟಿದ. ಅಕ್ಟೋಬರ್ ಮೊದಲ ವಾರ, ಹೊರಗೆ ಸೇಬು ಹೂಬಿಟ್ಟಿದ್ದಾಗ, ಬೆಳಗಿನ ಗಂಜಿ ಮುಗಿಸಿ ಕುರ್ಚಿಯಲ್ಲೇ ಹೋದ. ಕರೆಂಟು ಇತ್ತು, ಯಂತ್ರ ಓಡುತ್ತಿತ್ತು, ಕೋಣೆ ಬೆಚ್ಚಗಿತ್ತು. ಯಾವುದೂ ಕೈಕೊಟ್ಟಿರಲಿಲ್ಲ. ಮೂರು ದಿನಕ್ಕೆ ವ್ಯಾನು ಬಂದು ಯಂತ್ರವನ್ನು ಒಯ್ದಿತು.

ಡಿಸೆಂಬರ್‌ನಲ್ಲಿ ನೋಲೀನ್ ಬ್ರೋನ್ವಿನ್‌ನ ಶೆಡ್ಡಿನಲ್ಲಿ ಚೆರ್ರಿ ಆರಿಸುವ ಕೆಲಸಕ್ಕೆ ಸೇರಿದಳು. ಕೂತು ಮಾಡುವ ಕೆಲಸ, ಕೈ ಎತ್ತಬೇಕಾಗಿಲ್ಲ. ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಬಂದಾಗಿತ್ತು. ಹಲ್ಲು ಕಟ್ಟಿಸಿಕೊಂಡಿದ್ದಳು. ಚಾವಣಿಯ ತಗಡು ಇನ್ನೂ ಹಾಗೇ ಇತ್ತು. ಮಾಡಿಸಲು ಮನಸ್ಸು ಬಂದಿರಲಿಲ್ಲ.

ಒಂದು ದಿನ ಪಕ್ಕದಲ್ಲಿ ಕೂತಿದ್ದ ಡೆಲ್ಮಾ ಎಂಬಾಕೆ ಕೇಳಿದಳು. "ನಿಮ್ಮನೇಲಿ ಈ ಬಿಸಿಗಾಳಿ ಯಂತ್ರ, ಅದೂ ಇದೂ ಎಲ್ಲ ವಿಚಾರಿಸಿದ್ರಂತಲ್ಲ. ನಾವೂ ಪ್ಯಾನೆಲ್ಲು, ಬ್ಯಾಟರಿ ಹಾಕಿಸೋಣ ಅಂತಿದೀವಿ. ನಿಜವಾಗ್ಲೂ ಉಳಿಯತ್ತಾ, ಇಲ್ಲ ಬರೀ ಬಾಯಿಮಾತಾ?"

ನೋಲೀನ್ ಒಡೆದ ಹಣ್ಣೊಂದನ್ನು ಪಕ್ಕದ ಬುಟ್ಟಿಗೆ ಹಾಕಿದಳು.

"ಮನೇಲಿ ಯಾರ್ಯಾರು ಇದೀರಿ?" ಎಂದು ಕೇಳಿದಳು.

"ನಾನು, ನಮ್ಮವರು, ಅವರ ತಾಯಿ. ಯಾಕೆ?"

"ಅತ್ತೆಗೆ ಹುಷಾರಿದೆಯಾ?"

ಡೆಲ್ಮಾಳ ಕೈ ನಿಂತಿತು. ಹಣ್ಣುಗಳು ಓಡುವ ಪಟ್ಟಿಯ ಮೇಲೆ ಮುಂದಕ್ಕೆ ಸರಿದು ಹೋಗುತ್ತಿದ್ದವು. ನೋಲೀನ್ ತನ್ನ ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡು, ಅವಳ ಪಾಲಿನದನ್ನೂ ಆರಿಸತೊಡಗಿದಳು.